ಧರ್ಮ ಕೇಳುವ ನೌಕರಿಗಳು

ಏಪ್ರಿಲ್ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಎಚ್-1ಬಿ ಲಾಟರಿಯಲ್ಲಿ ಹೆಸರು ಬಂತಾ, ಇಲ್ವಾ? ವರ್ಷಕ್ಕೆ 65,000 ವೀಸಾ, ಇಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಅಂತ ಇನ್ನೊಂದು 20,000. ಹೆಸರು ಬಾರದವರಿಗೆ ಯಾರಾದರೂ ಕೊಡುವ ಮೊದಲ ಸಲಹೆ, ‘ಯೂನಿವರ್ಸಿಟಿಲಿ ಕೆಲಸ ಹುಡುಕು’. ಲಾಭಕ್ಕಾಗಿ ನಡೆಯದ ವಿಶ್ವವಿದ್ಯಾಲಯಗಳನ್ನು 2000ನೇ ಇಸವಿಯ ಕಾನೂನೊಂದು ಈ ಮಿತಿಯಿಂದ ಹೊರಗಿಟ್ಟಿದೆ, ಅಲ್ಲಿ ಲಾಟರಿಯ ಗೋಳಿಲ್ಲ. ಪಾಠ ಮಾಡುವ ಕೆಲಸವೇ ಆಗಬೇಕೆಂದೂ ಇಲ್ಲ. ದಾಖಲಾತಿ ಕಚೇರಿಯ ಡೇಟಾ ಅನಲಿಸ್ಟ್, ಡೇಟಾಬೇಸ್ ನೋಡಿಕೊಳ್ಳುವವರು, ಲೈಬ್ರರಿಯ ಸಿಸ್ಟಮ್ಸ್ ವಿಭಾಗದವರು, ಹೀಗೆ ಪದವಿ ಬೇಡುವ ಸ್ಟಾಫ್ ಕೆಲಸಗಳೂ ನಡೆಯುತ್ತವೆ.

ಹಾಗೆ ಹುಡುಕುತ್ತ ಹೋದವರಿಗೆ ಬೇಗ ಒಂದು ವಿಷಯ ಗೊತ್ತಾಗುತ್ತದೆ. ಈ ದೇಶದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಚರ್ಚಿನವು. ಕ್ಯಾಥೊಲಿಕ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಮಾರ್ಮನ್, ಅಡ್ವೆಂಟಿಸ್ಟ್. ಕೆಲವು ಕಡೆ ಅರ್ಜಿಯಲ್ಲಿ ‘ನಮ್ಮ ಧ್ಯೇಯಕ್ಕೆ ನೀವು ಹೇಗೆ ನೆರವಾಗುತ್ತೀರಿ’ ಅಂತ ಒಂದು ಪ್ಯಾರಾ ಬರೆಯಿರಿ ಎನ್ನುತ್ತಾರೆ. ಕೆಲವು ಕಡೆ ನೇರವಾಗಿಯೇ, ನೀವು ಹೋಗುವ ಚರ್ಚ್ ಯಾವುದು, ನಿಮ್ಮ ಪಾಸ್ಟರ್ ಯಾರು ಎಂದು ಕೇಳುತ್ತಾರೆ. ಹೋದ ವರ್ಷ ಸ್ನೇಹಿತನೊಬ್ಬ ಇಂಥದೊಂದು ಅರ್ಜಿಯ ಸ್ಕ್ರೀನ್‌ಶಾಟ್ ಕಳಿಸಿ, “ಎಸ್‌ಕ್ಯೂಎಲ್ ಬರೆಯೋ ಕೆಲಸಕ್ಕೆ ದೇವರ ವಿಚಾರ ಯಾಕಪ್ಪಾ? ಇದು ಲೀಗಲ್ಲಾ?” ಎಂದ. ಬಹುಪಾಲು ಲೀಗಲ್ಲೇ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ. ಪಾಡ್‌ಕಾಸ್ಟಿನಲ್ಲಿ ಇಷ್ಟೆಲ್ಲ ಹೇಳಲು ಸಮಯ ಸಾಲದು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆಯನ್ನು ಆ ಎಸ್‌ಕ್ಯೂಎಲ್‌ನಿಂದಲೇ ಶುರು ಮಾಡಬಹುದು. ‘ಇದೂ ಅಲ್ಲ, ಅದೂ ಅಲ್ಲ’ ಅನ್ನೋ ಫಿಲ್ಟರ್ ಬರೆಯುವಾಗ ನಾವು ಬಳಸುವುದು ಡಿ ಮಾರ್ಗನ್ ನಿಯಮ. ಆ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮಧುರೈಯಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಮಗು ಕೈಗೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋಯಿತು. ಮುಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ 1827ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಪಡೆದ. ಅಲ್ಲಿಯೇ ಫೆಲೋ ಆಗಿ ಉಳಿಯಬೇಕಿತ್ತು. ಆದರೆ ಎಂ.ಎ. ಪದವಿಗೆ ಇಂಗ್ಲೆಂಡಿನ ಚರ್ಚಿನ ನಂಬಿಕೆಗಳಿಗೆ ಒಪ್ಪಿಗೆ ಸೂಚಿಸಿ ಸಹಿ ಹಾಕಬೇಕು, ಎಂ.ಎ. ಇಲ್ಲದೆ ಮುಂದಿನ ದಾರಿ ಇಲ್ಲ. ಡಿ ಮಾರ್ಗನ್ ಸಹಿ ಹಾಕಲಿಲ್ಲ.

ಆ ಸಹಿ ಹಳೆಯ ಪದ್ಧತಿ. ಇಂಗ್ಲೆಂಡಿನ ಚರ್ಚಿನ ನಂಬಿಕೆಗಳನ್ನು 39 ಸೂತ್ರಗಳಾಗಿ ಬರೆದಿಟ್ಟಿದ್ದರು. 1581ರಿಂದ ಆಕ್ಸ್‌ಫರ್ಡ್‌ನಲ್ಲಿ ಹುಡುಗ ಸೇರುವಾಗಲೇ ಅದಕ್ಕೆ ಸಹಿ ಹಾಕಬೇಕಿತ್ತು. ಕೇಂಬ್ರಿಜ್ ಸ್ವಲ್ಪ ಉದಾರಿ: ಓದಲಿ, ಪರೀಕ್ಷೆ ಬರೆಯಲಿ, ಪದವಿ ತೆಗೆದುಕೊಳ್ಳುವಾಗ ನೋಡೋಣ ಎನ್ನುತ್ತಿತ್ತು. ಆ ಉದಾರತೆಯ ಬೆಲೆ ಏನೆಂದು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್‌ನನ್ನು ಕೇಳಬೇಕು. ಲಂಡನ್ನಿನ ಯಹೂದಿ ಹುಡುಗ. 1837ರ ಅದೇ ಪರೀಕ್ಷೆಯಲ್ಲಿ ಎರಡನೆಯವನಾಗಿ ಬಂದ. ಪದವಿ ಕೊಡಲಿಲ್ಲ, ಫೆಲೋಶಿಪ್ಪಿನ ಮಾತೇ ಇಲ್ಲ. ನಾನು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ಎದುರಿಗೆ ಬರುವುದು ಮ್ಯಾಟ್ರಿಕ್ಸ್. ಗಣಿತದಲ್ಲಿ ಆ ಪದವನ್ನು 1850ರಲ್ಲಿ ತಂದವನು ಇದೇ ಸಿಲ್ವೆಸ್ಟರ್. ನೆಟ್‌ವರ್ಕ್ ಲೆಕ್ಕದಲ್ಲಿ ನಾವು ಹೇಳುವ ‘ಗ್ರಾಫ್’ ಕೂಡ ಅವನದೇ, 1878ರದ್ದು. ಮ್ಯಾಟ್ರಿಕ್ಸಿಗೆ ಹೆಸರಿಡುವ ಹೊತ್ತಿಗೆ ಹೊಟ್ಟೆಪಾಡಿಗೆ ಅವನು ಒಂದು ವಿಮಾ ಕಂಪನಿಯಲ್ಲಿ ಲೆಕ್ಕ ಹಾಕುತ್ತಿದ್ದ. ಈಗಿನ ಭಾಷೆಯಲ್ಲಿ, ಅಕಾಡೆಮಿಯಾದಲ್ಲಿ ಜಾಗ ಸಿಗದೆ ಇಂಡಸ್ಟ್ರಿಗೆ ಹೋದ ಡೇಟಾ ಸೈಂಟಿಸ್ಟ್.

ಇಬ್ಬರಿಗೂ ಆಸರೆಯಾದದ್ದು 1826ರಲ್ಲಿ ಲಂಡನ್ನಿನಲ್ಲಿ ಶುರುವಾದ ಹೊಸ ಸಂಸ್ಥೆ, ಈಗಿನ ಯುಸಿಎಲ್. ಯಾರ ಧರ್ಮವನ್ನೂ ಕೇಳುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. 1828ರಲ್ಲಿ 21 ವರ್ಷದ ಡಿ ಮಾರ್ಗನ್ ಅಲ್ಲಿ ಗಣಿತದ ಪ್ರಾಧ್ಯಾಪಕನಾದ. ಹತ್ತು ವರ್ಷದ ನಂತರ ಸಿಲ್ವೆಸ್ಟರ್ ಕೂಡ ಬಂದ, ಆದರೆ ಹೆಚ್ಚು ಕಾಲ ನಿಲ್ಲಲಿಲ್ಲ. ದೇವರಿಲ್ಲದ ಈ ಕಾಲೇಜಿಗೆ ಉತ್ತರವೆಂಬಂತೆ ಚರ್ಚಿನ ಪರವಾಗಿ 1829ರಲ್ಲಿ ಕಿಂಗ್ಸ್ ಕಾಲೇಜ್ ಹುಟ್ಟಿತು. ಅಲ್ಲಿ ವಿದ್ಯಾರ್ಥಿ ಯಾರಾದರೂ ಆಗಬಹುದು, ಪ್ರಾಧ್ಯಾಪಕರು ಮಾತ್ರ ಇಂಗ್ಲೆಂಡಿನ ಚರ್ಚಿನವರೇ ಆಗಿರಬೇಕು. ಇದಕ್ಕೊಂದು ವಿನಾಯ್ತಿ ಇತ್ತು ನೋಡಿ, ಭಾಷೆ ಕಲಿಸುವವರಿಗೆ. ಗಣಿತಕ್ಕೆ ಚರ್ಚಿನವರು ಸಿಗುತ್ತಾರೆ, ಪರಭಾಷೆಗೆ ಎಲ್ಲಿಂದ ತರೋದು! ನಿಷ್ಠೆಯ ನಿಯಮ ಎಲ್ಲಿ ಸಡಿಲವಾಗುತ್ತದೆ ಅಂದರೆ, ಆ ಕೆಲಸ ಮಾಡಲು ಒಳಗಿನವರು ಸಿಗದ ಕಡೆ. ಒಳಗಿನವರಾದರೂ ಪೂರ್ತಿ ಸುರಕ್ಷಿತರಲ್ಲ. ಸ್ವತಃ ಪಾದ್ರಿಯಾಗಿದ್ದ ಫ್ರೆಡರಿಕ್ ಡೆನಿಸನ್ ಮಾರಿಸ್, ನರಕದ ಶಿಕ್ಷೆ ಶಾಶ್ವತವೇ ಎಂದು ಸಂಶಯಪಟ್ಟು ಬರೆದದ್ದಕ್ಕೆ 1853ರಲ್ಲಿ ಕಿಂಗ್ಸ್‌ನ ಕೆಲಸ ಕಳೆದುಕೊಂಡರು.

ಯುಸಿಎಲ್ ಕೂಡ ಪರೀಕ್ಷೆಯಲ್ಲಿ ಜಾರಿತು. 1866ರಲ್ಲಿ ಜೇಮ್ಸ್ ಮಾರ್ಟಿನೋ ಎಂಬ ಯೂನಿಟೇರಿಯನ್ ಪಾದ್ರಿಗೆ ತತ್ವಶಾಸ್ತ್ರದ ಹುದ್ದೆ ಕೊಡಲು ಆಡಳಿತ ಮಂಡಳಿ ಒಪ್ಪಲಿಲ್ಲ. ಅಷ್ಟು ಹೆಸರಾಂತ ಪಾದ್ರಿಯನ್ನು ತಂದು ಕೂರಿಸಿದರೆ ನಮ್ಮದು ಧರ್ಮನಿರಪೇಕ್ಷ ಸಂಸ್ಥೆ ಅಂತ ಯಾರು ನಂಬುತ್ತಾರೆ ಎಂಬ ಅಳುಕು. ಧರ್ಮ ಕೇಳುವುದಿಲ್ಲ ಎಂದ ಮೇಲೆ ಧರ್ಮದ ಕಾರಣಕ್ಕೆ ಬೇಡ ಎನ್ನುವುದೂ ತಪ್ಪು ಎಂದು ಡಿ ಮಾರ್ಗನ್ ರಾಜೀನಾಮೆ ಕೊಟ್ಟು ಹೊರಗೆ ಬಂದರು. ತಮ್ಮ ನಿಯಮವನ್ನು ತಮ್ಮ ಮೇಲೂ ಹಾಕಿಕೊಂಡವರು. ನನಗೆ ಈ ಇಡೀ ಇತಿಹಾಸದಲ್ಲಿ ಬಹಳ ಇಷ್ಟವಾಗುವ ಘಟನೆ ಇದೇ.

1871ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರದ ಕಾಯ್ದೆ ಆಕ್ಸ್‌ಫರ್ಡ್, ಕೇಂಬ್ರಿಜ್, ಡರಮ್‌ಗಳಲ್ಲಿ ಈ ಸಹಿಯನ್ನು ತೆಗೆದುಹಾಕಿತು, ದೇವತಾಶಾಸ್ತ್ರದ ಹುದ್ದೆಗಳನ್ನು ಬಿಟ್ಟು. ಮರುವರ್ಷ ಸಿಲ್ವೆಸ್ಟರ್‌ಗೆ ಕೇಂಬ್ರಿಜ್ ಪದವಿ ಸಿಕ್ಕಿತು, ಪರೀಕ್ಷೆ ಬರೆದು 35 ವರ್ಷ ಆದ ಮೇಲೆ. 1883ರಲ್ಲಿ ಆಕ್ಸ್‌ಫರ್ಡ್ ಅವರನ್ನು ಪ್ರಾಧ್ಯಾಪಕರಾಗಿ ಕರೆಯಿತು. ಆಗ ವಯಸ್ಸು 69.

ಅಮೆರಿಕದಲ್ಲಿ ಬದಲಾವಣೆ ಬೇರೆ ದಾರಿಯಲ್ಲಿ ಬಂತು. ಪಾರ್ಲಿಮೆಂಟಿನಿಂದ ಅಲ್ಲ, ಪಿಂಚಣಿಯಿಂದ.

ಇಲ್ಲಿ ಯೂನಿವರ್ಸಿಟಿಯಲ್ಲಿ ಕೆಲಸ ಮಾಡುವ ಅನೇಕರ ನಿವೃತ್ತಿ ಖಾತೆ ಇರುವುದು ಟಿಐಎಎ ಎಂಬ ಸಂಸ್ಥೆಯಲ್ಲಿ. ಅದರ ಬೇರು ಹೋಗಿ ನಿಲ್ಲುವುದು ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಬಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಟ್ರಸ್ಟಿಯಾಗಿದ್ದಾಗ ಮೇಷ್ಟ್ರುಗಳ ಸಂಬಳ ಎಷ್ಟು ಕಡಿಮೆ ಎಂದು ಕಂಡು ದಂಗಾದ ಮನುಷ್ಯ, 1905ರಲ್ಲಿ 1 ಕೋಟಿ ಡಾಲರ್ ಕೊಟ್ಟು ಕಾಲೇಜು ಪ್ರಾಧ್ಯಾಪಕರಿಗೆ ಉಚಿತ ಪಿಂಚಣಿ ಕೊಡುವ ಪ್ರತಿಷ್ಠಾನ ಕಟ್ಟಿದ. ಷರತ್ತು ಒಂದಿತ್ತು: ಚರ್ಚಿನ ಹಿಡಿತದಲ್ಲಿರುವ, ಇಂತಿಷ್ಟು ಟ್ರಸ್ಟಿಗಳೋ ಅಧ್ಯಾಪಕರೋ ಇದೇ ಪಂಥದವರಾಗಿರಬೇಕು ಎನ್ನುವ ಕಾಲೇಜುಗಳಿಗೆ ಹಣ ಇಲ್ಲ.

ಆಗಿನ ಕಾಲಕ್ಕೆ ಪಿಂಚಣಿ ಅನ್ನೋದು ಮೇಷ್ಟ್ರುಗಳು ಕನಸಿನಲ್ಲೂ ಕಾಣದ ವಸ್ತು. ಪಕ್ಕದ ಕಾಲೇಜಿನಲ್ಲಿ ಅದು ಸಿಗುತ್ತದೆ, ನಮ್ಮಲ್ಲಿ ಇಲ್ಲ ಅಂದರೆ ಒಳ್ಳೆಯವರು ನಿಲ್ಲುತ್ತಾರಾ? ಬೋಡನ್, ವೆಸ್ಲಿಯನ್, ಆಕ್ಸಿಡೆಂಟಲ್, ಹೀಗೆ ಒಂದರ ಹಿಂದೊಂದು ಕಾಲೇಜು ತಮ್ಮ ಪಂಥದ ಜೊತೆಗಿನ ಕಟ್ಟುಪಾಡುಗಳನ್ನು ಬಿಚ್ಚಿಕೊಂಡವು. ಮುಂದೆ ಬರಾಕ್ ಒಬಾಮಾ ಎರಡು ವರ್ಷ ಓದಿದ್ದು ಇದೇ ಆಕ್ಸಿಡೆಂಟಲ್‌ನಲ್ಲಿ. ಪ್ರೆಸ್ಬಿಟೇರಿಯನ್ ಚರ್ಚಿನ ಅಧಿಕೃತ ಸಂಬಂಧವನ್ನು ಅದು ಕಡಿದುಕೊಂಡದ್ದು 1910ರಲ್ಲಿ. ನಂಬಿಕೆ ಸಡಿಲವಾಗಿ ಹೀಗಾಯಿತು ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಅದು ಸುಳ್ಳಲ್ಲ. ಆದರೆ ವೃದ್ಧಾಪ್ಯದ ಚಿಂತೆಗೂ ಇದರಲ್ಲಿ ಪಾಲಿದೆ ಎಂಬುದನ್ನು ನಾವು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ. ಅಷ್ಟು ಮಂದಿಗೆ ಉಚಿತವಾಗಿ ಕೊಡಲು ಕಾರ್ನೆಗಿಯ ದುಡ್ಡೂ ಸಾಲದೆ ಬಂತು. 1918ರಲ್ಲಿ ಮೇಷ್ಟ್ರುಗಳೂ ಕಾಲೇಜೂ ಕಂತು ಕಟ್ಟುವ ಟಿಐಎಎ ಹುಟ್ಟಿದ್ದು ಹಾಗೆ.

ಇಷ್ಟರವರೆಗೆ ಬಂದದ್ದೆಲ್ಲ ಪಾಠ ಮಾಡುವವರ ವಿಷಯ. ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಲೆಕ್ಕ ಬರೆಯುವವರು, ಚಳಿಗಾಲದಲ್ಲಿ ಒಲೆ ಉರಿಸುವವರು? ಈ ಪಟ್ಟಿಯಲ್ಲಿ ಕ್ಯಾಥೊಲಿಕ್ ಸಂಸ್ಥೆಗಳ ದಾರಿ ಬೇರೆ. 1842ರಲ್ಲಿ ಶುರುವಾದ ನೋಟರ್ ಡೇಮ್‌ನಲ್ಲಿ ಈ ಕೆಲಸಗಳನ್ನು ದಶಕಗಳ ಕಾಲ ಮಾಡಿದ್ದು ಹೋಲಿ ಕ್ರಾಸ್ ಸಭೆಯ ಬ್ರದರ್‌ಗಳು ಮತ್ತು ಸನ್ಯಾಸಿನಿಯರು. ಮಾರುಕಟ್ಟೆಯ ದರದಲ್ಲಿ ಸಂಬಳ ಇಲ್ಲ, ಪಿಂಚಣಿ ಇಲ್ಲ, ಊಟ ವಸತಿ ಸಭೆಯದು. ಅಲ್ಲಿ ಸ್ಟಾಫ್‌ನ ಧರ್ಮ ಕೇಳುವ ಅಗತ್ಯವೇ ಇರಲಿಲ್ಲ. ಧರ್ಮವೇ ಅವರ ಕೆಲಸದ ಕರಾರು. ಕ್ಯಾಥೊಲಿಕ್ ಕಾಲೇಜುಗಳು ಕಾರ್ನೆಗಿಯ ಹಣ ಇಲ್ಲದೆಯೂ ನಡೆದದ್ದು ಹೇಗೆ ಎಂದು ಕೇಳಿದರೆ, ದೊಡ್ಡ ಉತ್ತರ ಈ ಹೆಂಗಸರ ದುಡಿಮೆ.

1960ರ ದಶಕದಲ್ಲಿ ಸನ್ಯಾಸಕ್ಕೆ ಬರುವವರು ಕಡಿಮೆಯಾದರು, ಇದ್ದವರಲ್ಲಿ ಬಿಟ್ಟುಹೋದವರೂ ಹಲವರು. ವಿಶ್ವವಿದ್ಯಾಲಯಗಳು ಮಾತ್ರ ಬೆಳೆಯುತ್ತಿದ್ದವು. 1967ರಲ್ಲಿ ನೋಟರ್ ಡೇಮ್ ಮತ್ತು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಗಳು ಆಡಳಿತವನ್ನು ಸಾಮಾನ್ಯ ಗೃಹಸ್ಥರೂ ಇರುವ ಮಂಡಳಿಗೆ ಒಪ್ಪಿಸಿದವು. ಅಡುಗೆಮನೆಗೆ, ಕಚೇರಿಗೆ, ಆಮೇಲೆ ಕಂಪ್ಯೂಟರ್ ಕೋಣೆಗೆ ಹೊರಗಿನಿಂದ ಜನರನ್ನು ಸಂಬಳಕ್ಕೆ ತರಬೇಕಾಯಿತು. ಎಚ್‌ಆರ್ ಫಾರ್ಮಿನಲ್ಲಿ ಧರ್ಮದ ಪ್ರಶ್ನೆ ಬರಬೇಕೇ ಬೇಡವೇ ಎಂಬ ಚರ್ಚೆ ಇವರಲ್ಲಿ ನಿಜವಾಗಿ ಹುಟ್ಟಿದ್ದು ಆಗಲೇ. ಜೆಸ್ವಿಟರೂ ಹೋಲಿ ಕ್ರಾಸ್‌ನವರೂ ಬಹುಮಟ್ಟಿಗೆ ಬೇಡ ಎಂಬ ಕಡೆಗೆ ವಾಲಿದರು. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಿಗೆ ನಿಯಮ ಬರೆದಾಗಲೂ ಬಹುಸಂಖ್ಯಾತರು ಕ್ಯಾಥೊಲಿಕರಲ್ಲದವರು ಆಗಕೂಡದು ಎಂದದ್ದು ಬೋಧಕರ ಬಗ್ಗೆ. ಗುಮಾಸ್ತರ ಲೆಕ್ಕ ಕೇಳಲಿಲ್ಲ.

ಅದೇ ಹೊತ್ತಿಗೆ ಕಾನೂನು ಇನ್ನೊಂದು ದಿಕ್ಕಿಗೆ ಹೊರಟಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಕೆಲಸ ಕೊಡುವಾಗ ಬಣ್ಣ, ಲಿಂಗ, ಧರ್ಮ ನೋಡಬಾರದು ಎಂದಿತು. ಧಾರ್ಮಿಕ ಸಂಸ್ಥೆಗಳಿಗೆ ಅದರಲ್ಲಿ ಒಂದು ರಿಯಾಯ್ತಿ: ನಿಮ್ಮ ಧಾರ್ಮಿಕ ಚಟುವಟಿಕೆಗೆ ಬೇಕಾದ ಕೆಲಸಗಳಿಗೆ ನಿಮ್ಮವರನ್ನೇ ತೆಗೆದುಕೊಳ್ಳಬಹುದು. 1972ರಲ್ಲಿ ಕಾಯ್ದೆ ತಿದ್ದುವಾಗ ಕಾಂಗ್ರೆಸ್ ‘ಧಾರ್ಮಿಕ’ ಎಂಬ ಆ ವಿಶೇಷಣವನ್ನು ಕಿತ್ತಿತು. ‘ಧಾರ್ಮಿಕ ಚಟುವಟಿಕೆ’ ಹೋಗಿ ‘ಚಟುವಟಿಕೆ’ ಉಳಿಯಿತು. ಒಂದೇ ಒಂದು ಪದ. ಅದರೊಂದಿಗೆ ಪೂಜೆ ಮಾಡುವವರಿಗೆ ಇದ್ದ ನಿಯಮ ಗುಡಿಸುವವರಿಗೂ ಬಂತು.

ಅದು ಎಷ್ಟು ದೂರ ಹೋಗುತ್ತದೆ ಎಂದು ತೋರಿಸಿದ್ದು ಏಮೋಸ್ ಕೇಸ್. ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಚರ್ಚ್ ನಡೆಸುತ್ತಿದ್ದ, ಸಾರ್ವಜನಿಕರೆಲ್ಲ ಬರಬಹುದಾದ ಒಂದು ವ್ಯಾಯಾಮಶಾಲೆ. ಅಲ್ಲಿ ಸುಮಾರು 16 ವರ್ಷ ಕಟ್ಟಡದ ನಿರ್ವಹಣೆ ನೋಡಿಕೊಂಡಿದ್ದ ನೌಕರನನ್ನು 1981ರಲ್ಲಿ ಕೆಲಸದಿಂದ ತೆಗೆದರು. ಕೆಲಸದಲ್ಲಿ ತಪ್ಪು ಮಾಡಿದ್ದಕ್ಕಲ್ಲ. ಮಾರ್ಮನ್ ದೇವಾಲಯದೊಳಗೆ ಹೋಗಲು ಚರ್ಚಿನ ಹಿರಿಯರು ಕೊಡುವ ಅರ್ಹತಾಪತ್ರ ಒಂದಿದೆ, ಸದಸ್ಯ ನಿಯಮ ಪಾಲಿಸುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿ. ಅದು ಅವನ ಬಳಿ ಇರಲಿಲ್ಲ, ಅಷ್ಟೇ. ಕೆಳಗಿನ ಕೋರ್ಟು, ಜಿಮ್ಮಿನ ಕಟ್ಟಡ ನೋಡಿಕೊಳ್ಳುವುದರಲ್ಲಿ ಧರ್ಮ ಎಲ್ಲಿ ಬಂತು ಎಂದು ನೌಕರನ ಪರ ನಿಂತಿತು. 1987ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಚರ್ಚಿನ ಪರ ತೀರ್ಪು ಕೊಟ್ಟರು. ಯಾವ ಕೆಲಸ ಧಾರ್ಮಿಕ, ಯಾವುದು ಅಲ್ಲ ಎಂದು ಕೋರ್ಟು ಬಂದು ವಿಂಗಡಿಸಲು ಕೂತರೆ ಅದೇ ಧರ್ಮದಲ್ಲಿ ಕೈ ಹಾಕಿದಂತೆ, ಎಂಬುದು ಅವರ ವಾದದ ತಿರುಳು.

ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ವಿಂಗಡಣೆಯೇ ನನ್ನ ಕಸುಬು. ಗಡಿರೇಖೆ ಎಳೆಯೋದು ಎಷ್ಟು ಕಷ್ಟ ಅಂತ ಗೊತ್ತು. ಆದರೆ ರೇಖೆ ಎಳೆಯುವುದು ಕಷ್ಟ ಎಂದು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದರೆ ನಮ್ಮಲ್ಲಿ ಅದನ್ನು ಮಾಡೆಲ್ ಅನ್ನುವುದಿಲ್ಲ. ಕೋರ್ಟು ಚರ್ಚಿನ ಮುಜುಗರವನ್ನು ತಪ್ಪಿಸಿತು, ಅದರ ಖರ್ಚು ಪೂರ್ತಿ ಆ ನೌಕರನ ತಲೆಗೆ ಬಂತು. ಒಂದು ಮಾತು ಮಾತ್ರ ಸ್ಪಷ್ಟವಿರಲಿ: ಈ ರಿಯಾಯ್ತಿ ಇರುವುದು ಧರ್ಮದ ವಿಷಯಕ್ಕೆ. ಬಣ್ಣ ನೋಡಿ ಕೆಲಸ ನಿರಾಕರಿಸುವ ಹಕ್ಕನ್ನು ಅದು ಯಾವ ವಿಶ್ವವಿದ್ಯಾಲಯಕ್ಕೂ ಕೊಟ್ಟಿಲ್ಲ.

ಊರಿನಿಂದ ಬಂದ ನಮಗೆ ಇದೆಲ್ಲ ವಿಚಿತ್ರ ಎನಿಸುವುದು ಸಹಜ. ಮಂಗಳೂರಿನಲ್ಲಿ ಜೆಸ್ವಿಟರು 1880ರಲ್ಲಿ ಆರಂಭಿಸಿದ ಸೇಂಟ್ ಅಲೋಶಿಯಸ್‌ನಲ್ಲಿ ಕನ್ನಡ ಕಲಿಸಿದವರು ಮುಳಿಯ ತಿಮ್ಮಪ್ಪಯ್ಯನವರು, ಸೇಡಿಯಾಪು ಕೃಷ್ಣಭಟ್ಟರು. ಕಿಂಗ್ಸ್ ಕಾಲೇಜಿನ ಭಾಷಾ ವಿನಾಯ್ತಿ ನೆನಪಾಯಿತಲ್ಲ? ಆದರೆ ಕಾನೂನಿನ ಪುಸ್ತಕ ತೆಗೆದರೆ ನಮ್ಮಲ್ಲೂ ಆಯ್ಕೆಯ ಹಕ್ಕು ಸಂಸ್ಥೆಯ ಕೈಯಲ್ಲೇ ಇದೆ. ಕೊಂಕಣಿ ಭಾಷಿಕರ ಅಲ್ಪಸಂಖ್ಯಾತ ಸಂಸ್ಥೆ ಎಂದು ವಾದಿಸಿದ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂಸ್ಥೆ ನಡೆಸುವವರ ಹಕ್ಕುಗಳನ್ನು ಎಣಿಸುವಾಗ ಅದು ‘ಬೋಧಕ ಮತ್ತು ಬೋಧಕೇತರ’ ಸಿಬ್ಬಂದಿಯ ನೇಮಕವನ್ನೂ ಸೇರಿಸಿತು. ಬೋಧಕೇತರ ಎಂಬ ಪದ ಅಲ್ಲಿಯೂ ಹೊಕ್ಕಿದೆ.

ಅಂದರೆ ಗೇಟಿನ ಮೇಲೆ ಶಿಲುಬೆ ಇದೆಯೋ ಇಲ್ಲವೋ ನೋಡಿ ಏನೂ ಹೇಳಲಾಗದು. ಕಾನೂನು ಎಲ್ಲರಿಗೂ ಒಂದೇ ಅನುಮತಿ ಕೊಟ್ಟಿದೆ, ಬಳಸುವ ರೀತಿ ಬೇರೆ ಬೇರೆ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಟ್ರಸ್ಟಿಗಳು, ಅಧ್ಯಾಪಕರ ಜೊತೆಗೆ ಸ್ಟಾಫ್ ಕೂಡ ಪ್ರತಿವರ್ಷ ನಂಬಿಕೆಯ ಹೇಳಿಕೆಗೆ ಮತ್ತೆ ಒಪ್ಪಿಗೆ ಕೊಡಬೇಕು. ಹಿಂದೂವಿಗೆ ಅಲ್ಲಿ ಕೆಲಸ ಇಲ್ಲ, ಅರ್ಜಿ ಹಾಕಿ ಸಮಯ ಕಳೆಯಬೇಡಿ. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಹೊಸದಾಗಿ ಸೇರುವ ಮಾರ್ಮನ್ನರಿಗೆ 2022ರಿಂದ ಆ ದೇವಾಲಯದ ಅರ್ಹತಾಪತ್ರ ಕಡ್ಡಾಯ ಮಾಡಿದೆ. ಹೊರಗಿನವರನ್ನೂ ತೆಗೆದುಕೊಳ್ಳುತ್ತಾರೆ, ಅವರ ನಡತೆಯ ಸಂಹಿತೆ ಪಾಲಿಸಿದರೆ. ಅದರ ಪ್ರಕಾರ ಮದ್ಯ, ತಂಬಾಕು ಮಾತ್ರವಲ್ಲ, ಕಾಫಿ ಟೀ ಕೂಡ ನಿಷಿದ್ಧ. ಕ್ಯಾಂಪಸ್ಸಿನಲ್ಲಿ ಕೆಫೀನ್ ಇರುವ ಸೋಡಾ ಮಾರಲು ಶುರು ಮಾಡಿದ್ದೇ 2017ರಲ್ಲಿ. ಫಿಲ್ಟರ್ ಡಿಕಾಕ್ಷನ್ ಇಲ್ಲದೆ ಏಳದ ಹಾಸನದವರು ಯೋಚಿಸಿ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ಅಡ್ವೆಂಟಿಸ್ಟರದ್ದು: ಶನಿವಾರ ಸಬ್ಬತ್, ಕ್ಯಾಂಟೀನಿನಲ್ಲಿ ಮಾಂಸ ಇಲ್ಲ, ನಮ್ಮ ಸಸ್ಯಾಹಾರಿಗಳಿಗೆ ಅಷ್ಟರಮಟ್ಟಿಗೆ ಹಬ್ಬ. ಇನ್ನು 1789ರಲ್ಲಿ ಸ್ಥಾಪನೆಯಾದ, ಜೆಸ್ವಿಟರ ಜಾರ್ಜ್‌ಟೌನ್ 2016ರಲ್ಲಿ ಹಿಂದೂ ವಿದ್ಯಾರ್ಥಿಗಳಿಗಾಗಿ ಹಿಂದೂ ಪುರೋಹಿತರನ್ನೇ ನೇಮಿಸಿಕೊಂಡಿತು. ಅದೂ ಚರ್ಚಿನ ವಿಶ್ವವಿದ್ಯಾಲಯದ ಸ್ಟಾಫ್ ಹುದ್ದೆಯೇ!

ವೀಸಾದ ಮೇಲೆ ಇರುವವರಿಗೆ ಇನ್ನೊಂದು ಲೆಕ್ಕವೂ ಇದೆ. ಸಾಮಾನ್ಯ ನೌಕರನನ್ನು ನಡತೆಯ ಸಂಹಿತೆಯ ಹೆಸರಿನಲ್ಲಿ ತೆಗೆದರೆ ಅವನು ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಎಚ್-1ಬಿಯವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಜೊತೆಗೆ, ಲಾಟರಿ ಇಲ್ಲದ ದಾರಿಯಲ್ಲಿ ಬಂದವರು ಒಂದು ಮಾಮೂಲಿ ಕಂಪನಿಗೆ ಹೋಗಬೇಕೆಂದರೆ ಮತ್ತೆ ಅದೇ ಲಾಟರಿಯ ಸಾಲಿನಲ್ಲಿ ನಿಲ್ಲಬೇಕು. ಆ 60 ದಿನದಲ್ಲಿ ಇನ್ನೊಂದು ವಿಶ್ವವಿದ್ಯಾಲಯವನ್ನೋ ಅಂಥದೇ ವಿನಾಯ್ತಿ ಇರುವ ಸಂಸ್ಥೆಯನ್ನೋ ಹಿಡಿಯಬೇಕು. ಹಾಗಾಗಿ ನನ್ನ ಸ್ನೇಹಿತನಿಗೆ ನಾನು ಹೇಳಿದ್ದು ಇಷ್ಟು. ಅರ್ಜಿಯಲ್ಲಿ ಧ್ಯೇಯದ ಪ್ಯಾರಾ ಬರೆ, ಅದರಲ್ಲಿ ಸುಳ್ಳು ಬೇಡ, ಹೋಗದ ಚರ್ಚಿನ ಹೆಸರಂತೂ ಬೇಡವೇ ಬೇಡ. ಆಫರ್ ಬಂದ ಮೇಲೆ, ಸಹಿ ಹಾಕುವ ಮೊದಲು, ಎಚ್‌ಆರ್‌ನವರಿಂದ ಸ್ಟಾಫ್ ಹ್ಯಾಂಡ್‌ಬುಕ್ ತರಿಸಿಕೊಂಡು ಓದು. ನಡತೆಯ ನಿಯಮ ಆಫೀಸಿನ ಎಂಟು ಗಂಟೆಗೆ ಮಾತ್ರವೋ, ಮನೆಗೂ ಬರುತ್ತದೋ? ಒಪ್ಪಿಗೆ ಒಮ್ಮೆ ಕೊಟ್ಟರೆ ಸಾಕೋ, ವರ್ಷ ವರ್ಷವೂ ಕೊಡಬೇಕೋ? ಹೊರಗಿನ ಧರ್ಮದವರು ಈಗಾಗಲೇ ಆ ಆಫೀಸಿನಲ್ಲಿದ್ದರೆ ಎಷ್ಟು ವರ್ಷದಿಂದ ಇದ್ದಾರೆ? ಫೋನಿನಲ್ಲಿ ಬೇಡ, ಉತ್ತರವನ್ನು ಈಮೇಲಿನಲ್ಲಿ ತರಿಸಿಕೊ.